ಕಾಫಿ ತೋಟದಲ್ಲಿ ಯೆಮೆನ್ ಗೋಸುಂಬೆ: ಸಾಕುವ ಬಗೆ, ಮರಿ ಮಾಡಿಸುವ ಬಗೆ

ನಮ್ಮ ಮನೆಯ ಗಂಡು ಗೋಸುಂಬೆಗೆ ಪಟೇಲ ಎಂದು ಹೆಸರಿಟ್ಟವರು ನನ್ನ ಅತ್ತೆ. ನೆತ್ತಿಯ ಮೇಲೆ ಪೇಟದಂತೆ ಎದ್ದುನಿಂತ ಜುಟ್ಟು, ಒಂದು ಹೆಜ್ಜೆ ಎತ್ತಿಡಲು ನಾಲ್ಕು ಸಲ ಹಿಂದೆಮುಂದೆ ತೂಗುವ ಠೀವಿ, ಯಾರು ಬಂದರೂ ಒಂದು ಕಣ್ಣನ್ನಷ್ಟೇ ಅವರತ್ತ ಹೊರಳಿಸಿ ಇನ್ನೊಂದನ್ನು ತನ್ನ ಕೆಲಸದಲ್ಲೇ ಇಟ್ಟುಕೊಳ್ಳುವ ಗತ್ತು. ಅತ್ತೆಯ ಚಿಕ್ಕಂದಿನಲ್ಲಿ ಊರಿನ ಪಟೇಲರು ಹೀಗೆಯೇ ಇದ್ದರಂತೆ.

ಸುಂಟಿಕೊಪ್ಪದಿಂದ ಒಳಗೆ, ಆರು ಎಕರೆ ಕಾಫಿಯ ನಡುವಿನ ಹಂಚಿನ ಮನೆ ನಮ್ಮದು. ಸಾಕಲು ತೊಡಗಿದಾಗ ನಾನು ಓದಿದ ಸೂಚನೆಗಳೆಲ್ಲ ಒಣಹವೆಯ ಊರಿನವರು ಬರೆದವು. ತೇವ ಹೆಚ್ಚಿಸುವುದು ಹೇಗೆ, ಹೆಚ್ಚಿಸಿದ ತೇವವನ್ನು ಹಿಡಿದಿಡುವುದು ಹೇಗೆ ಎಂದು ಪುಟಗಟ್ಟಲೆ. ಜೂನ್ ಬಂದರೆ ಬೀರುವಿನಲ್ಲಿ ಮಡಚಿಟ್ಟ ಸೀರೆಗೂ ಬೂಷ್ಟು ಹಿಡಿಯುವ ನಾಡಿನಲ್ಲಿ ಅದನ್ನು ನಂಬಿ ಕುಳಿತರೆ ಪ್ರಾಣಿ ಉಳಿಯುವುದಿಲ್ಲ. ಕೊಡಗಿನಲ್ಲಿ ಗೋಸುಂಬೆ ಸಾಕುವುದೆಂದರೆ ಮುಕ್ಕಾಲು ಪಾಲು ಒಣಗಿಸುವ ಕೆಲಸ. ಕಣದಲ್ಲಿ ಕಾಫಿ ಒಣಗಿಸಿ ಗೊತ್ತಿರುವವರಿಗೆ ಬೇಗ ಕೈಗೆ ಹತ್ತುತ್ತದೆ.

ಮೊದಲು ಕಾಗದದ ಮಾತು ಮುಗಿಸುತ್ತೇನೆ. ಕುಶಾಲನಗರ ದಾಟಿ ಹುಣಸೂರು, ಮೈಸೂರಿನ ಬಯಲಿಗಿಳಿದರೆ ಸಿಗುವ ನಮ್ಮ ದೇಶದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ರಸ್ತೆ ದಾಟುತ್ತಿತ್ತು, ಪಾಪ ಎನಿಸಿತು, ತಂದೆ ಎಂದರೂ ಅದು ಅಪರಾಧವೇ. ದಾಟಿಸಿ, ಪೊದೆಗೆ ಬಿಟ್ಟು, ಬಂದುಬಿಡಿ. ನಮ್ಮ ತೋಟದ ಬೇಲಿಯ ಮೇಲೆ ಕುಳಿತು ತಲೆಯಾಡಿಸುವುದು ಗೋಸುಂಬೆಯೇ ಅಲ್ಲ, ಓತಿಕ್ಯಾತ. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ ಎಂಬ ಗಾದೆಯೇ ಇದೆಯಲ್ಲ, ಅದನ್ನು ಅದರ ಸಾಕ್ಷಿಯ ಬಳಿಯೇ ಇರಗೊಡಿ. ಮನೆಯಲ್ಲಿ ಸಾಕಲು ಹೊಂದುವುದು ಯೆಮೆನ್ ಗೋಸುಂಬೆ. ಅದೂ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. 2024ರ ಫೆಬ್ರುವರಿಯಲ್ಲಿ ಬಂದ ನಿಯಮದಂತೆ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಿರಬೇಕು. ಮರಿ ಹುಟ್ಟಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಕೊಡುವವರು ತಮ್ಮ ನೋಂದಣಿಯನ್ನು ತೋರಿಸದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ತಿರುಗಿ ಬನ್ನಿ.

ಯೆಮೆನ್ ಎಂದಾಗ ಕಾಫಿ ಬೆಳೆಗಾರರಿಗೆ ಕಿವಿ ನೆಟ್ಟಗಾಗಬೇಕು. ಬಾಬಾ ಬುಡನ್ ಏಳು ಬೀಜಗಳನ್ನು ಬಚ್ಚಿಟ್ಟು ತಂದರೆಂದು ಐತಿಹ್ಯ ಹೇಳುವುದು ಅದೇ ನಾಡಿನಿಂದ. ಯೆಮೆನ್ ಮತ್ತು ಸೌದಿಯ ನೈಋತ್ಯ ಮೂಲೆಯ ಬೆಟ್ಟದ ಇಳಿಜಾರುಗಳು, ಅವುಗಳ ನಡುವಿನ ಹಸಿರು ಕಣಿವೆಗಳು ಈ ಪ್ರಾಣಿಯ ತವರು. ರಾತ್ರಿ ತಂಪು, ಬೆಳಗಿನ ಜಾವ ಇಬ್ಬನಿ, ಹಗಲೆಲ್ಲ ಬಿಸಿಲು. ನಮ್ಮ ಜನವರಿಗೂ ಅದಕ್ಕೂ ಒಳ್ಳೆಯ ನೆಂಟಸ್ತಿಕೆ. ಜುಲೈಗೆ ಮಾತ್ರ ಯಾವ ನೆಂಟಸ್ತಿಕೆಯೂ ಇಲ್ಲ.

ಗೂಡಿಗೆ ಗಾಜಿನ ಪೆಟ್ಟಿಗೆ ಬೇಡವೇ ಬೇಡ. ನಾಲ್ಕೂ ಕಡೆ ಬಲೆಯಿರುವ, ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರದ ಗೂಡನ್ನು ಬಡಗಿಯಿಂದ ಮಾಡಿಸಿದೆ. ಗಂಡು ಬಾಲ ಸೇರಿ ಒಂದೂವರೆ ಅಡಿಗೂ ಮಿಕ್ಕಿ ಬೆಳೆಯುತ್ತದೆ, ಹೆಣ್ಣು ಒಂದಡಿಯ ಆಸುಪಾಸು. ಒಂದು ಗೂಡಿಗೆ ಒಂದೇ ಪ್ರಾಣಿ. ‘ಜೊತೆಗೊಂದಿದ್ದರೆ ಬೇಸರವಾಗದು’ ಎಂಬುದು ನಮ್ಮ ಮನಸ್ಸಿನ ಮಾತು. ಗೋಸುಂಬೆಗೆ ಇನ್ನೊಂದು ಗೋಸುಂಬೆ ಕಣ್ಣಿಗೆ ಬಿದ್ದರೇ ಸಾಕು, ಕಪ್ಪಿಟ್ಟು ಅನ್ನ ಬಿಡುತ್ತದೆ. ನಮ್ಮಲ್ಲಿ ಎರಡು ಗೂಡುಗಳ ನಡುವೆ ಅತ್ತೆಯ ಹಳೆಯ ಸೀರೆಯ ಪರದೆಯಿದೆ. ಗೂಡನ್ನು ನೆಲದ ಮೇಲಿಡದೆ ಎತ್ತರದ ಮೇಜಿನ ಮೇಲಿಡಿ. ಕಾಡಿನಲ್ಲಿ ಇದನ್ನು ತಿನ್ನುವ ಹಕ್ಕಿ ಬರುವುದು ಮೇಲಿನಿಂದ. ಹಾಗಾಗಿ ನಿಮ್ಮ ತಲೆ ಅದರ ತಲೆಗಿಂತ ಮೇಲಿದ್ದಷ್ಟು ಹೊತ್ತೂ ನೀವು ಹದ್ದೇ.

ಒಳಗೆ ಕೊಂಬೆಗಳಿಗೆ ನಮ್ಮಲ್ಲಿ ಬರವಿಲ್ಲ. ಕಸಿ ಮಾಡುವಾಗ, ಅಂದರೆ ಗಿಡ ಸವರುವಾಗ, ತೆಗೆದ ಹಳೆಯ ಕಾಫಿ ರೆಕ್ಕೆಗಳು (ಅಡ್ಡ ಕೊಂಬೆಗಳು) ಬಹಳ ಚೆನ್ನ: ಗಟ್ಟಿ, ಮುಳ್ಳಿಲ್ಲ, ಅಡ್ಡಡ್ಡ ಕವಲು. ಆದರೆ ಯಾವ ಗಿಡದ್ದು ಎಂದು ನೋಡಿ ತನ್ನಿ. ಮಳೆಗೆ ಮುಂಚೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದದ್ದು, ಅರೇಬಿಕಾದಲ್ಲಿ ಕಾಂಡಕೊರಕಕ್ಕೆ ಔಷಧಿ ಬಳಿದದ್ದು ಗೂಡಿನೊಳಗೆ ಬರಬಾರದು. ಮನೆಯ ಹಿಂದೆ ಆರು ಗಿಡಗಳನ್ನು ಯಾವ ಸಿಂಪರಣೆಯೂ ಮುಟ್ಟದಂತೆ ಬಿಟ್ಟಿದ್ದೇನೆ, ಕೊಂಬೆ ಅಲ್ಲಿಂದ ಮಾತ್ರ. ಹಸಿರಿಗೆ ಕುಂಡದಲ್ಲಿ ದಾಸವಾಳ, ಪುಟ್ಟ ಎಲೆಯ ಫೈಕಸ್, ಮನಿಪ್ಲಾಂಟ್. ಯೆಮೆನ್ ಗೋಸುಂಬೆ ಎಲೆಯನ್ನೂ ತಿನ್ನುತ್ತದೆ. ದಾಸವಾಳದ ಹೂ ಅರಳಿದ ದಿನ ಪಟೇಲ ಬೆಳಗಿನ ಪೂಜೆಗೆ ಒಂದನ್ನೂ ಉಳಿಸುವುದಿಲ್ಲ.

ದೀಪ ಎರಡು ಬೇಕು, ಒಂದು ಬಿಸಿಗೆ, ಒಂದು ಬಿಸಿಲಿಗೆ. ಬಿಸಿಗೆ ಐವತ್ತು ವಾಟ್‌ನ ಸಾಧಾರಣ ಹ್ಯಾಲೊಜನ್ ಬಲ್ಬು ಸಾಕು. ಮೇಲಿನ ಕೊಂಬೆಯಲ್ಲಿ ಗಂಡಿಗೆ ಸುಮಾರು 30 ಡಿಗ್ರಿ, ಹೆಣ್ಣಿಗೆ 27ರ ಆಸುಪಾಸು. ಅಂದಾಜು ಬೇಡ, ಥರ್ಮಾಮೀಟರನ್ನು ಅದು ಕೂರುವ ಜಾಗದಲ್ಲೇ ಇಟ್ಟು ನೋಡಿ. ಬಲ್ಬು ತೀರ ಹತ್ತಿರವಿದ್ದರೆ ಮೊದಲು ಸುಡುವುದು ಆ ಜುಟ್ಟೇ. ಬಿಸಿಲಿನ ಬದಲಿಗೆ ಯುವಿ-ಬಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ) ಕೊಳವೆ ದೀಪ: ಟಿ5 ಮಾದರಿಯ ಉದ್ದನೆಯದು, 5.0 ಅಥವಾ ಆರು ಶೇಕಡಾ ಎಂದು ಬರೆದಿರುವುದು, ಕೊಂಬೆಯಿಂದ ಒಂದು ಗೇಣು ಮೇಲೆ, ದಿನಕ್ಕೆ ಹನ್ನೆರಡು ಗಂಟೆ. ಉರಿಯುತ್ತಿದೆಯಲ್ಲ ಎಂದು ವರ್ಷಗಟ್ಟಲೆ ಅದನ್ನೇ ಇಡಬೇಡಿ. ಬೆಳಕು ಕಾಣುತ್ತಲೇ ಇರುತ್ತದೆ, ಯುವಿ-ಬಿ ಬತ್ತಿಹೋಗಿರುತ್ತದೆ. ವರ್ಷಕ್ಕೊಂದು ಬದಲಾಯಿಸಿ. ಯುವಿ-ಬಿ ಸಿಗದಿದ್ದರೆ ಮೈಯಲ್ಲಿ ಸುಣ್ಣದಂಶ ನಿಲ್ಲದೆ ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುತ್ತದೆ. ಅಕ್ಟೋಬರಿನಿಂದ ಮೇವರೆಗೆ ನಾನು ಬೆಳಗ್ಗೆ ಎಂಟರಿಂದ ಹತ್ತರವರೆಗೆ ಗೂಡನ್ನೇ ಕಣಕ್ಕೆ ಹೊರುತ್ತೇನೆ, ಅರ್ಧ ಬಿಸಿಲು, ಅರ್ಧ ನೆರಳು. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಗಾಜು ಯುವಿ-ಬಿಯನ್ನು ತಡೆಯುತ್ತದೆ, ಬಿಸಿಯನ್ನು ಮಾತ್ರ ಒಳಗೆ ಬಿಡುತ್ತದೆ.

ಈಗ ನೀರು. ಬಟ್ಟಲಲ್ಲಿ ನಿಂತ ನೀರು ಅದಕ್ಕೆ ಕಾಣುವುದೇ ಇಲ್ಲವೆನ್ನಬೇಕು. ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ದೀಪ ಹೊತ್ತುವ ಮೊದಲು ಎರಡು ನಿಮಿಷ ಎಲೆಗಳ ಮೇಲೆ ನೀರು ಸಿಂಪಡಿಸಿ, ಸಂಜೆ ದೀಪ ಆರಿದ ಮೇಲೆ ಇನ್ನೊಮ್ಮೆ. ನಡುವೆ ಬೇಸಿಗೆಯಲ್ಲಿ ಒಂದು ಡಬ್ಬಿಗೆ ತೂತು ಮಾಡಿ ಹನಿ ಬೀಳಿಸಿ. ಕುಡಿದದ್ದು ಸಾಕಾಯಿತೇ ಎಂಬುದನ್ನು ಹಿಕ್ಕೆಯೇ ಹೇಳುತ್ತದೆ: ಅದರೊಂದಿಗೆ ಬರುವ ಸುಣ್ಣದಂಥ ಭಾಗ ಬೆಳ್ಳಗಿದ್ದರೆ ಸರಿ, ಕಿತ್ತಳೆ ಬಣ್ಣವಿದ್ದರೆ ಬಾಯಾರಿದೆ.

ರಾತ್ರಿ ಎಷ್ಟು ತೇವವಿದ್ದರೂ ಅದಕ್ಕೆ ಹಿತ, ಹಗಲು ಮಾತ್ರ ಒಣಗಲೇಬೇಕು. ಬೇಸಿಗೆಯಲ್ಲಿ ಇದು ತಾನಾಗಿಯೇ ಆಗುತ್ತದೆ. ಮಳೆಗಾಲದಲ್ಲಿ ಹಗಲೂ ರಾತ್ರಿಯೂ ಒಂದೇ ಒದ್ದೆ. ಮೊದಲ ವರ್ಷ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ, ಪುಸ್ತಕದ ಮಾತಿನಂತೆ ದಿನಕ್ಕೆ ನಾಲ್ಕು ಸಲ ನೀರು ಸಿಂಪಡಿಸಿದೆ. ಒಂದು ಬೆಳಗ್ಗೆ ಪಟೇಲ ಮೂಗನ್ನು ಆಕಾಶಕ್ಕೆ ಎತ್ತಿ ಕುಳಿತಿದ್ದ. ಬಾಯಿ ಒಂದು ಎಳೆಯಷ್ಟು ತೆರೆದಿತ್ತು. ಕಿವಿಗೊಟ್ಟರೆ ಒಗ್ಗರಣೆಯ ಕೊನೆಯ ಸಾಸಿವೆಯಂತೆ ಟಿಕ್, ಟಿಕ್ ಸದ್ದು. ಅದು ಶ್ವಾಸಕೋಶದ ಸೋಂಕು. ಹತ್ತಿರದಲ್ಲಿರುವ ವೈದ್ಯರು ಹಸು, ಹಂದಿ, ನಾಯಿ ನೋಡುವವರು. ಇದನ್ನು ಬಲ್ಲವರನ್ನು ಹುಡುಕಿ ಬೆಂಗಳೂರಿಗೆ ಹೋಗಿ, ಚುಚ್ಚುಮದ್ದು ಕೊಡಿಸಿ ಉಳಿಸಿಕೊಂಡೆ. ಅಂದಿನಿಂದ ಮಳೆಗಾಲಕ್ಕೆ ನಮ್ಮ ಕ್ರಮ ಬೇರೆ. ಬೆಳಗ್ಗೆ ಒಂದೇ ಸಲ ನೀರು. ಗೂಡಿನ ನೆಲಕ್ಕೆ ಮಣ್ಣು, ತೆಂಗಿನ ನಾರು ಏನೂ ಇಲ್ಲ, ಬರೀ ಜಾಲರಿ, ಕೆಳಗೆ ತಟ್ಟೆ. ಕೋಣೆಯ ಆಚೆ ಗೋಡೆಗೆ ತಿರುಗಿಸಿದ ಫ್ಯಾನು, ಪ್ರಾಣಿಗೆ ನೇರ ಬಡಿಯದೆ ಗಾಳಿ ಮಾತ್ರ ಓಡಾಡುವಂತೆ. ಹನ್ನೊಂದು ಗಂಟೆಗೆ ಎಲೆಯ ಕೆಳಭಾಗವನ್ನು ಬೆರಳಿನಿಂದ ಸವರುತ್ತೇನೆ, ಒದ್ದೆಯಿದ್ದರೆ ಮರುದಿನ ಇನ್ನೂ ಕಡಿಮೆ. ಒಣಗಲೆಂದು ಅಡುಗೆಮನೆಯ ಒಲೆಯ ಬಳಿ ಇಡುವ ಆಸೆಯಾಗುತ್ತದೆ, ಬೇಡ, ಹೊಗೆ ಇನ್ನೂ ಕೆಟ್ಟದ್ದು. ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋದಾಗ ಇನ್ವರ್ಟರ್ ದೀಪಗಳಿಗೆ ಸಾಲದಿದ್ದರೆ ಊಟ ನಿಲ್ಲಿಸಿ. ಮೈ ಬಿಸಿಯಾಗದೆ ಹೊಟ್ಟೆಯಲ್ಲಿದ್ದದ್ದು ಅರಗುವುದಿಲ್ಲ. ದೊಡ್ಡ ಪ್ರಾಣಿ ಕೆಲವು ದಿನ ಉಪವಾಸವಿದ್ದರೆ ಏನೂ ಆಗದು.

ಊಟಕ್ಕೆ ಮುಖ್ಯವಾಗಿ ಮಿಡತೆಯ ನೆಂಟನಾದ ಕ್ರಿಕೆಟ್ ಹುಳು. ಹಾಕಿಯ ನಾಡಿನಲ್ಲಿ ಕ್ರಿಕೆಟ್ ಸಾಕುತ್ತಿದ್ದೀಯಾ ಎಂದು ನನ್ನ ಭಾವ ಪ್ರತಿ ಹಬ್ಬಕ್ಕೂ ತಪ್ಪದೆ ಕೇಳುತ್ತಾರೆ. ಪ್ಲಾಸ್ಟಿಕ್ ಡಬ್ಬದಲ್ಲಿ ಮೊಟ್ಟೆಯ ಟ್ರೇಗಳನ್ನಿಟ್ಟು ಬೆಳೆಸುತ್ತೇನೆ. ಹುಳು ತಿಂದದ್ದನ್ನೇ ಗೋಸುಂಬೆ ತಿನ್ನುವುದು, ಆದ್ದರಿಂದ ಹುಳುವಿಗೆ ನುಗ್ಗೆಸೊಪ್ಪು, ಸಿಹಿಗುಂಬಳ, ಕ್ಯಾರೆಟ್ ಕೊಡುತ್ತೇನೆ. ಪಾಲಕ್ ಬೇಡ, ಅದು ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ನಮ್ಮ ರಾಜ್ಯದವರಿಗೆ ಇನ್ನೊಂದು ಅನುಕೂಲವಿದೆ: ರೇಷ್ಮೆ ಹುಳು. ಮೆತ್ತಗೆ, ನೀರಿನಂಶ ಹೆಚ್ಚು, ಪಟೇಲನಿಗೆ ಪಾಯಸ. ಬಯಲುಸೀಮೆಯ ಪರಿಚಿತ ರೈತರಿಂದ ಚಾಕಿ ಹುಳು (ಎಳೆಯ ರೇಷ್ಮೆ ಹುಳು) ತಂದು ಮನೆಯಲ್ಲೇ ಹಿಪ್ಪುನೇರಳೆ ಹಾಕಿ ಬೆಳೆಸಿ. ಬೆಳೆದ ಹುಳುವನ್ನು ನೇರವಾಗಿ ತರಬೇಡಿ, ಸಾಕಾಣಿಕೆ ಮನೆಯಲ್ಲಿ ಸೋಂಕು ನಿವಾರಕ ಪುಡಿ ಉದುರಿಸಿರುತ್ತಾರೆ. ತೋಟದ ಮಿಡತೆಯೂ ಸಿಂಪರಣೆಯ ಕಾರಣಕ್ಕೆ ಬೇಡ. ಪ್ರತಿ ಸಲ ಹುಳುವಿನ ಮೇಲೆ ಕ್ಯಾಲ್ಸಿಯಂ ಪುಡಿ ತೆಳ್ಳಗೆ ಉದುರಿಸಿ, ವಿಟಮಿನ್ ಡಿ3 ಇರುವ ಪುಡಿಯನ್ನು ತಿಂಗಳಿಗೆ ಎರಡೇ ಸಲ. ಬೆಳೆದದ್ದಕ್ಕೆ ದಿನ ಬಿಟ್ಟು ದಿನ ನಾಲ್ಕೈದು ಹುಳು ಸಾಕು. ಉಳಿದ ಹುಳುವನ್ನು ರಾತ್ರಿ ಗೂಡಿನಲ್ಲಿ ಬಿಟ್ಟರೆ ಮಲಗಿದ ಪ್ರಾಣಿಯನ್ನೇ ಕಡಿಯುತ್ತದೆ. ಸತ್ತ ಹುಳುವಿಗೆ ಇರುವೆ ಬರುತ್ತದೆ. ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡುವ ಹಳೆಯ ಉಪಾಯಕ್ಕೆ ಸಮನಾದದ್ದಿಲ್ಲ.

ಎತ್ತಿಕೊಳ್ಳುವುದು, ಹೆಗಲ ಮೇಲೆ ಕೂರಿಸಿ ಫೋಟೊ ತೆಗೆಯುವುದು ನಿಮಗೆ ಖುಷಿ, ಅದಕ್ಕೆ ಹಿಂಸೆ. ಮುಟ್ಟಲೇಬೇಕಾದಾಗ ಕೈಯನ್ನು ಎದುರಿನಿಂದ ಕೊಂಬೆಯಂತೆ ಹಿಡಿಯಿರಿ, ಅದಾಗಿ ಹತ್ತಲಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರೆ ಅದು ನಿದ್ದೆಯಲ್ಲ, ಕಾಯಿಲೆ.

ಮರಿ ಮಾಡಿಸುವ ಯೋಚನೆ ಬಂದರೆ ಮೊದಲು ಲೆಕ್ಕ ಹಾಕಿ. ಒಂದು ಸಲಕ್ಕೆ ಇಪ್ಪತ್ತರಿಂದ ಎಪ್ಪತ್ತು ಮೊಟ್ಟೆ. ಎರಡು ತಿಂಗಳು ಕಳೆದರೆ ಪ್ರತಿ ಮರಿಗೂ ಬೇರೆ ಗೂಡು. ಗಂಡೋ ಹೆಣ್ಣೋ ಎಂದು ಹುಟ್ಟಿದ ದಿನವೇ ತಿಳಿಯಬಹುದು: ಹಿಂಗಾಲಿನ ಹಿಮ್ಮಡಿಯಲ್ಲಿ ಹುಂಜದ ಮುಳ್ಳಿನಂಥ ಪುಟ್ಟ ಮೊಳಕೆಯಿದ್ದರೆ ಗಂಡು. ಹೆಣ್ಣು ಅರ್ಧ ವರ್ಷದಲ್ಲೇ ಪ್ರಾಯಕ್ಕೆ ಬಂದರೂ ವರ್ಷ ತುಂಬುವವರೆಗೆ ಕೂಡಿಸಬೇಡಿ. ಇದಕ್ಕಿಂತ ಮುಖ್ಯವಾದ ಮಾತು, ಗಂಡಿನ ಮುಖವನ್ನೇ ನೋಡದ ಹೆಣ್ಣೂ ಮೊಟ್ಟೆ ಇಡುತ್ತದೆ. ಇದು ಗೊತ್ತಿಲ್ಲದೆ ನನ್ನ ಮೊದಲ ಹೆಣ್ಣನ್ನು ಕಳೆದುಕೊಂಡೆ. ಅಗೆಯಲು ಮಣ್ಣು ಸಿಗದೆ, ಮೊಟ್ಟೆ ಒಳಗೇ ಉಳಿದು, ಗೂಡಿನ ಜಾಲರಿಯನ್ನು ಎರಡು ದಿನ ಕೆರೆದು ಸತ್ತಿತು. ಆ ಸದ್ದು ‘ಹೊರಗೆ ಬರಬೇಕಂತೆ’ ಎಂದು ನಾನು ನಗುತ್ತಿದ್ದೆ. ಹೆಣ್ಣು ಸಾಕುವವರು ಮರಿ ಬೇಡವೆಂದರೂ ಮಣ್ಣಿನ ಬಕೆಟ್ ಇಡಲೇಬೇಕು, ಊಟವನ್ನೂ ವಾರಕ್ಕೆ ಮೂರು ದಿನ, ಮೂರು ನಾಲ್ಕು ಹುಳುವಿಗೆ ಇಳಿಸಬೇಕು. ಹೆಚ್ಚು ತಿಂದರೆ, ಹೆಚ್ಚು ಬಿಸಿಯಿದ್ದರೆ, ಹೊಟ್ಟೆಯಲ್ಲಿ ಮೊಟ್ಟೆಯೂ ಹೆಚ್ಚು.

ಈಗಿನ ಹೆಣ್ಣು ಸಣ್ಣಿ. ಅವಳು ಒಪ್ಪುವ ದಿನ ಮೈ ತಿಳಿಹಸಿರಾಗಿ ಪಕ್ಕೆಯಲ್ಲಿ ಆಕಾಶನೀಲಿಯ ಚುಕ್ಕಿಗಳು ಮೂಡುತ್ತವೆ. ಪರದೆ ಸರಿಸಿ ದೂರದಿಂದ ತೋರಿಸಿ. ಅವಳು ನಿಧಾನವಾಗಿ ನಡೆದುಹೋಗುವಂತಿದ್ದರೆ ಗಂಡಿನ ಗೂಡಿಗೆ ಬಿಡಿ. ಕಪ್ಪಾಗಿ, ಬಾಯಿ ತೆರೆದು ತೂಗಾಡಿದರೆ ಇವತ್ತು ಬೇಡ ಎಂದರ್ಥ, ತಕ್ಷಣ ತೆಗೆಯಿರಿ. ಕೂಡಿದ ಮೇಲೆ ಒಂದು ದಿನದೊಳಗೆ ಅವಳ ಮೈ ಕಡುಹಸಿರಿಗೆ ತಿರುಗಿ ಹಳದಿ, ನೀಲಿ ಚುಕ್ಕಿಗಳು ಎದ್ದು ಕಾಣುತ್ತವೆ. ‘ಮುಗಿಯಿತು, ಹತ್ತಿರ ಬರಬೇಡ’ ಎಂಬ ಫಲಕವದು. ಮಾತು ಬದಲಿಸುವ ರಾಜಕಾರಣಿಯನ್ನು ಗೋಸುಂಬೆ ಎನ್ನುತ್ತೇವೆ, ಗೋಸುಂಬೆಗೆ ಅವಮಾನ. ಇದು ಬಣ್ಣದಿಂದ ಏನನ್ನೂ ಮುಚ್ಚಿಡುವುದಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತದೆ.

ಮೂರು ನಾಲ್ಕು ವಾರಕ್ಕೆ ಹೊಟ್ಟೆಯ ಮೇಲೆ ಗೋಲಿಗಳಂತೆ ಉಬ್ಬು ಕಾಣುತ್ತದೆ, ಊಟ ಬಿಡುತ್ತಾಳೆ, ನೆಲದಲ್ಲಿ ಅಲೆಯುತ್ತಾಳೆ. ಅಷ್ಟರಲ್ಲಿ ಬಕೆಟ್ ಸಿದ್ಧವಿರಲಿ. ಒಂದಡಿ ಆಳ, ತೊಳೆದ ಹೊಳೆಮರಳು ಅರ್ಧ, ಜರಡಿ ಹಿಡಿದ ಮಣ್ಣು ಅರ್ಧ. ನಮ್ಮ ಕೆಂಪು ಜೇಡಿಯನ್ನೇ ತುಂಬಿದರೆ ಒಣಗಿ ಕಲ್ಲಾಗುತ್ತದೆ. ಬೆರಳಿನಿಂದ ಬಿಲ ಕೊರೆದರೆ ಕುಸಿಯದೆ ನಿಲ್ಲುವಷ್ಟು ಹಸಿ ಇರಬೇಕು. ಸುತ್ತ ಬಟ್ಟೆ ಕಟ್ಟಿಬಿಡಿ. ಯಾರಾದರೂ ನೋಡಿದ್ದು ತಿಳಿದರೆ ಅಗೆದ ಬಿಲವನ್ನು ಅಲ್ಲಿಗೇ ಬಿಟ್ಟುಬಿಡುತ್ತಾಳೆ. ನಾನು ಬಟ್ಟೆಯಲ್ಲಿ ಸೂಜಿ ಹೋಗುವಷ್ಟು ತೂತು ಮಾಡಿ ನೋಡಿದ್ದೇನೆ. ಮುಂಗಾಲಿನಲ್ಲಿ ತೋಡಿ, ಹಿಂಗಾಲಿನಲ್ಲಿ ತಳ್ಳಿ, ಬಾಲದ ತುದಿಯಷ್ಟೇ ಹೊರಗೆ ಉಳಿಯುವವರೆಗೆ ಇಳಿದಳು. ರಾತ್ರಿ ಅಲ್ಲೇ ಮಲಗಿದಳು. ಮರುದಿನ ಮಧ್ಯಾಹ್ನ ಬಿಲದ ಬಾಯಲ್ಲಿ ಅವಳ ಮುಖ ಕಂಡಿತು, ಎರಡು ಕಣ್ಣುಗಳ ಗೋಪುರದ ಮೇಲೂ ಮಣ್ಣು. ಆಮೇಲೆ ಸಂಜೆಯವರೆಗೆ ಮಣ್ಣನ್ನು ಎಳೆದು ಮುಚ್ಚಿ, ಹಿಂಗಾಲುಗಳಿಂದ ತುಳಿದು ತುಳಿದು ಗಟ್ಟಿ ಮಾಡಿದಳು. ಮುಗಿದಾಗ ಸೊರಗಿದ ಚೀಲದಂತಿದ್ದಳು. ಅಂದು ಬಹಳ ಹೊತ್ತು ನೀರು ಸಿಂಪಡಿಸಿ ಕುಡಿಸಿ, ಮುಂದಿನ ಒಂದೆರಡು ವಾರ ಚೆನ್ನಾಗಿ ಉಣಿಸಿ. ಒಮ್ಮೆ ಕೂಡಿದ್ದರಲ್ಲೇ ಮೂರು ನಾಲ್ಕು ತಿಂಗಳ ನಂತರ ಇನ್ನೊಂದು ಸಲ ಇಡಬಹುದು, ಬಕೆಟ್ ಎತ್ತಿಡಬೇಡಿ.

ಮೊಟ್ಟೆಗಳನ್ನು ಚಮಚದಿಂದ ತೆಗೆಯುವಾಗ ಮೇಲಿದ್ದ ಬದಿ ಮೇಲೆಯೇ ಇರಲಿ, ಉರುಳಿಸಬೇಡಿ. ಸಾಕಬಲ್ಲಷ್ಟನ್ನು ಮಾತ್ರ ಉಳಿಸಿ, ಉಳಿದವನ್ನು ಮೊದಲ ದಿನವೇ ಫ್ರೀಜರಿಗೆ ಹಾಕಿ. ಆಗಿನ್ನೂ ಭ್ರೂಣ ತೀರ ಆರಂಭದಲ್ಲಿರುತ್ತದೆ. ನಾನು ಹನ್ನೆರಡನ್ನು ಉಳಿಸುತ್ತೇನೆ. ಕಠಿಣವೆನಿಸುತ್ತದೆ, ಆದರೆ ನಲವತ್ತು ಮರಿಗಳು ಗೂಡಿಲ್ಲದೆ ಒಂದರ ಬಾಲವನ್ನೊಂದು ಕಚ್ಚುವುದನ್ನು ನೋಡುವುದು ಇನ್ನೂ ಕಠಿಣ. ಡಬ್ಬದ ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ. ನವೆಂಬರ್-ಡಿಸೆಂಬರಿನ ಸುಗ್ಗಿಹಬ್ಬ ಪುತ್ತರಿಗೆ ಬಂದ ನೆಂಟರೊಬ್ಬರು ಪಂದಿಕರಿಗೆ ಮಾಂಸ ತೆಗೆಯಲು ಹೋಗಿ ಇದನ್ನು ತೆರೆದು ಊಟ ಬಿಟ್ಟದ್ದುಂಟು.

ಕಾವಿಗೆ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಹರಳು) ಮತ್ತು ನೀರು, ತೂಕದಲ್ಲಿ ಸಮಸಮ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಹದ. ಮೊಟ್ಟೆ ಅರ್ಧ ಹುದುಗಿರಲಿ, ನಡುವೆ ಬೆರಳಿನಷ್ಟು ಜಾಗ, ಮುಚ್ಚಳಕ್ಕೆ ಸೂಜಿತೂತು. ನಮ್ಮ ಮನೆಯ ಚಳಿಗೆ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಥರ್ಮೋಸ್ಟಾಟ್ ಜೋಡಿಸಿದ ಹೀಟ್ ಪ್ಯಾಡ್ ಇಟ್ಟು 26, 27 ಡಿಗ್ರಿಯಲ್ಲಿ ನಿಲ್ಲಿಸಿದ್ದೇನೆ. ಹಳದಿಯಾಗಿ ಬೂಷ್ಟು ಹಿಡಿದದ್ದು ಗೊಡ್ಡು, ತೆಗೆದುಬಿಡಿ.

ಮರಿಯಾಗಲು ಆರರಿಂದ ಒಂಬತ್ತು ತಿಂಗಳು ಬೇಕು. ಕೊಡಗಿನವರು ಕಾಲ ನೋಡಬೇಕಾದ್ದು ಇಲ್ಲೇ. ನನ್ನಲ್ಲಿ ಮೊದಲ ಮೊಟ್ಟೆಗಳು ಬಂದದ್ದು ಪುತ್ತರಿಯ ಹೊತ್ತಿಗೆ, ಒಡೆದದ್ದು ಕಕ್ಕಡದ ನಡುಮಧ್ಯದಲ್ಲಿ. ಬಿಸಿಲಿಲ್ಲ, ಕರೆಂಟಿಲ್ಲ, ಹತ್ತರಲ್ಲಿ ನಾಲ್ಕು ಉಳಿದವು. ಈಗ ಫೆಬ್ರುವರಿಯಲ್ಲಿ ಕೂಡಿಸುತ್ತೇನೆ. ಕಾಫಿಯ ಹೂಮಳೆ ಬೀಳುವಾಗ ಸಣ್ಣಿ ಮಣ್ಣಿಗಿಳಿಯುತ್ತಾಳೆ, ಮಳೆಗಾಲವೆಲ್ಲ ಮೊಟ್ಟೆ ಪೆಟ್ಟಿಗೆಯಲ್ಲಿ ನಿದ್ದೆ, ಅಕ್ಟೋಬರ್ ನಡುವೆ ತಲಕಾವೇರಿಯ ತುಲಾ ಸಂಕ್ರಮಣ ಕಳೆದು ಆಕಾಶ ಬಿಟ್ಟ ಮೇಲೆ ಮರಿಗಳು ಹೊರಗೆ.

ಒಡೆಯುವ ಮುನ್ನ ಮೊಟ್ಟೆ ಬೆವರುತ್ತದೆ. ಸಿಪ್ಪೆಯ ಮೇಲೆ ಹನಿ ಸಾಲುಗಟ್ಟಿ, ಕೊಂಚ ಸುಕ್ಕಾಗಿ, ತುದಿ ನಕ್ಷತ್ರದಂತೆ ಸೀಳುತ್ತದೆ. ಮೂತಿ ಹೊರಗಿಟ್ಟು ಒಂದಿಡೀ ದಿನ ಹಾಗೆಯೇ ಇದ್ದುಬಿಡಬಹುದು. ಸಹಾಯಕ್ಕೆಂದು ಎಳೆಯಬೇಡಿ, ಹೊಟ್ಟೆಗೆ ಮೊಟ್ಟೆಯ ಹಳದಿ ಭಂಡಾರ ಇನ್ನೂ ಅಂಟಿರುತ್ತದೆ. ಮರಿಗಳಿಗೆ ಸಣ್ಣ ಕಣ್ಣಿನ ಬಲೆಯ ಗೂಡು, ತುಂಬ ಎಲೆ, 27 ಡಿಗ್ರಿಗೆ ಮೀರದ ಬಿಸಿ, ದಿನಕ್ಕೆ ಎರಡು ಮೂರು ಸಲ ತೆಳುವಾದ ತುಂತುರು. ಊಟಕ್ಕೆ ಗುಂಡುಸೂಜಿಯ ತಲೆಯಷ್ಟು ಕ್ರಿಕೆಟ್ ಮರಿ, ಜೊತೆಗೆ ಹಣ್ಣುನೊಣ. ಕೊಳೆತ ಪುಟ್ಟಬಾಳೆಯ ಸಿಪ್ಪೆಯಿಟ್ಟ ಡಬ್ಬ ಇದ್ದರೆ ನೊಣಕ್ಕೆ ಬರವಿಲ್ಲ. ನಾಲ್ಕೈದು ಮರಿಗಳನ್ನು ಆರೆಂಟು ವಾರ ಒಟ್ಟಿಗಿಡಬಹುದು. ಒಂದು ಇನ್ನೊಂದರ ಬೆನ್ನೇರಿ ಬಿಸಿ ಜಾಗ ಕಸಿಯಲು ಶುರು ಮಾಡಿದ ದಿನವೇ ಬೇರೆ ಮಾಡಿ.

ನಾಲ್ಕು ತಿಂಗಳಿಗೆ ಮುಂಚೆ ನಾನು ಮರಿಯನ್ನು ಯಾರಿಗೂ ಕೊಡುವುದಿಲ್ಲ. ಗೂಡು, ದೀಪಗಳ ಫೋಟೊ ಕಳಿಸಿದವರಿಗೆ, ಹಸ್ತಾಂತರದ ಅರ್ಜಿ ತುಂಬಿದ ಮೇಲೆ ಮಾತ್ರ. ಘಾಟಿ ಇಳಿಯುವವರಿದ್ದರೆ ಬೆಳಗ್ಗೆ ಬೇಗ ಬನ್ನಿ ಎನ್ನುತ್ತೇನೆ, ಕಾರಿನೊಳಗಿನ ಸೆಕೆ ತಡೆಯದು. ಮರಿ ಹಿಡಿದು ಕುಳಿತ ಕಾಫಿ ಕೊಂಬೆಯನ್ನು ಹಾಗೆಯೇ ಕತ್ತರಿಸಿ ಪೆಟ್ಟಿಗೆಗೆ ಅಡ್ಡಲಾಗಿ ಸಿಕ್ಕಿಸಿ ಕೊಡುತ್ತೇನೆ. ಆ ನಾಲ್ಕು ಮುಷ್ಟಿ ಮತ್ತು ಒಂದು ಬಾಲವನ್ನು ಒಂದೊಂದಾಗಿ ಬಿಡಿಸುವುದಕ್ಕಿಂತ ಅದು ಸುಲಭ.